ಒಂದು ಸೇರು ಮೌನದ ಕಾರು

ನಮ್ಮೂರಿನಲ್ಲಿ ಕಾರು ಕೊಳ್ಳುವವರು ಮೊದಲು ನೋಡುವುದು ಮನೆಯಲ್ಲಿ ಯಾರು ಬಾಯಿ ಮುಚ್ಚಿಕೊಂಡಿರಬಲ್ಲರು ಎಂಬುದನ್ನು. ಬಣ್ಣ, ಮೈಲೇಜು, ಸೀಟಿನ ಮೆತ್ತೆ ಎಲ್ಲ ಆಮೇಲಿನ ಮಾತು. ಕಾರು ರಸ್ತೆಯ ಮೇಲಿರುವಷ್ಟು ಹೊತ್ತು ಮನೆಯವರಲ್ಲಿ ಒಬ್ಬರಾದರೂ ಮೌನವಾಗಿರಬೇಕು. ಅದೇ ಅದರ ವಿಮೆ. ಬಾಯಿ ತಪ್ಪಿ ಒಂದು ಪದ ಹೊರಬಿದ್ದರೂ ಕಾರು ಎಲ್ಲಿದೆಯೋ ಅಲ್ಲಿಯೇ ನಿಲ್ಲುತ್ತದೆ. ಮತ್ತೆ ಹೊರಡುವುದು ಮರುದಿನವೇ. ರೈಲ್ವೆ ಗೇಟಿನ ಬಳಿ, ಸಂತೆ ಬೀದಿಯ ತಿರುವಿನಲ್ಲಿ ಹಾಗೆ ನಿಂತ ಕಾರುಗಳನ್ನು ಜನ ಬಳಸಿಕೊಂಡು ಹೋಗುತ್ತಾರೆ. "ಮನೇಲಿ ಯಾರೋ ಬಾಯಿ ಬಿಟ್ರು ಅಂತ ಕಾಣುತ್ತೆ" ಎನ್ನುತ್ತಾರೆ, ಅಷ್ಟೆ. ಅಕ್ಕಿ ಗಿರಣಿಯ ಸಾಹುಕಾರರ ಜೀಪು ಅವರ ಕಿರಿಯ ಮಗನ ನಿಶ್ಚಿತಾರ್ಥಕ್ಕೆ ಹೊರಟು ಅರ್ಧ ದಾರಿಯಲ್ಲಿ ನಿಂತಿತು. ಹಾಲಿಗೆ ಬಾಯಿ ಹಾಕಿದ ಬೆಕ್ಕಿಗೆ ಮನೆಯಲ್ಲಿ ಹಿರಿ ಸೊಸೆ "ಛೀ" ಎಂದಿದ್ದಳಂತೆ. ಹೆಣ್ಣು ಕೊಡುವವರು ಹುಡುಗನ ಸಂಬಳಕ್ಕಿಂತ ಮೊದಲು "ಮನೇಲಿ ಯಾವ ಕಾರಿದೆ?" ಎಂದು ಕೇಳುವುದು ಈ ಕಾರಣಕ್ಕೇ. ದೊಡ್ಡ ಕಾರಿನ ಮನೆ ಸೇರಿದ ಹುಡುಗಿಯರು ತವರಿಗೆ ಬಂದರೆ ಎರಡು ದಿನ ಬಿಡುವಿಲ್ಲದೆ ಮಾತಾಡುತ್ತಾರೆ. ಮೂರನೆಯ ದಿನ ನಿದ್ದೆ ಮಾಡುತ್ತಾರೆ.

ನನ್ನ ತಂಗಿ ವಾರಿಜಳಿಗೆ ಆಗ ಹತ್ತೊಂಬತ್ತು. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿದಿತ್ತು, ಡ್ರೈವಿಂಗ್ ಲೈಸೆನ್ಸೂ ಕೈಗೆ ಬಂದಿತ್ತು. ರಕ್ತ ಪರೀಕ್ಷೆಯ ಲ್ಯಾಬ್ ನಡೆಸುವ ಡಾಕ್ಟರಮ್ಮ ಅವಳಿಗೊಂದು ಕೆಲಸ ಕೊಡುವುದಾಗಿ ಹೇಳಿದ್ದರು. ಬೆಳಿಗ್ಗೆ ಆರಕ್ಕೆ ಹೊರಟು, ಸುತ್ತಲಿನ ಒಂಬತ್ತು ಹಳ್ಳಿಗಳಲ್ಲಿ ಊರಿಗೆ ಬರಲಾಗದವರ ಮನೆಗೆ ಹೋಗಿ, ಬರಿ ಹೊಟ್ಟೆಯ ರಕ್ತ ತೆಗೆದು, ಐಸ್ ಡಬ್ಬದಲ್ಲಿಟ್ಟು ಹತ್ತರೊಳಗೆ ಲ್ಯಾಬಿಗೆ ತಲುಪಿಸಬೇಕು. ಆ ಹಳ್ಳಿಗಳಿಗೆ ಮೊದಲ ಬಸ್ಸು ಹೋಗುವುದೇ ಹತ್ತೂವರೆಗೆ. "ಕಾರು ಇದ್ರೆ ಒಂದನೇ ತಾರೀಖು ಬಾಮ್ಮ. ಇಲ್ಲಾಂದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ, ಬೇಜಾರು ಮಾಡ್ಕೋಬೇಡ" ಎಂದಿದ್ದರು. ಒಂದನೇ ತಾರೀಖಿಗೆ ಇಪ್ಪತ್ತಾರು ದಿನವಿತ್ತು.

ಮನೆಯಲ್ಲಿದ್ದವರು ಮೂವರು. ಅಪ್ಪ ತೀರಿಕೊಂಡು ಏಳು ವರ್ಷವಾಗಿತ್ತು. ಅಮ್ಮ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳು ಬರುವ ಹೋಗುವ ಹೊತ್ತು ಹೇಳುತ್ತಿದ್ದಳು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಅರ್ಧ ಊರಿಗೆ ಅವಳ ಧ್ವನಿ ಕೇಳಿಸುತ್ತಿತ್ತು. ಅವಳು ಆ ಹೊತ್ತಿನಲ್ಲಿ ಸುಮ್ಮನಿರುವಂತಿರಲಿಲ್ಲ. ಉಳಿದವನು ನಾನು. ಎಂ.ಎ. ಮುಗಿಸಿ ಎರಡು ವರ್ಷವಾಗಿತ್ತು. ಒಂದು ಮುದ್ರಣಾಲಯದ ಕರಡು ತಿದ್ದುವ ಕೆಲಸವನ್ನು ಮನೆಯಲ್ಲೇ ಕೂತು ಮಾಡುತ್ತಿದ್ದೆ. ದಿನಕ್ಕೆ ಹತ್ತು ಮಾತು ಆಡಿದರೆ ಅದು ನನಗೆ ಗದ್ದಲದ ದಿನ. ಇಬ್ಬರ ಮಾತಿನ ನಡುವೆ ಬೀಳುವ ಬಿಡುವು, ಬಾಗಿಲು ಹಾಕಿದ ಮೇಲೆ ಕೋಣೆಯಲ್ಲಿ ಉಳಿಯುವ ನಿಶ್ಶಬ್ದ, ಇಂಥವೇ ನನಗೆ ಹತ್ತಿರದವಾಗಿದ್ದವು. ಜಗತ್ತಿನಲ್ಲಿ ನನ್ನ ಬಳಿ ಹೇರಳವಾಗಿದ್ದದ್ದು ಮೌನವೊಂದೇ ಎಂದು ತಿಳಿದಿದ್ದೆ.

"ಅಣ್ಣ ಇದಾನಲ್ಲಮ್ಮ" ಎಂದಳು ವಾರಿಜ. "ಹುಟ್ಟಿದಾಗಿಂದ ಪ್ರೀಮಿಯಂ ಕಟ್ತಾನೇ ಇದಾನೆ. ಇಷ್ಟು ದಿನ ಕಾರೇ ಇರ್ಲಿಲ್ಲ, ಅಷ್ಟೆ."

ಅಮ್ಮನ ಚೀಟಿ ಎತ್ತಿದ ದುಡ್ಡು ಹಳೆಯ ಕಾರಿಗೆ ಸಾಕಾಗುವಷ್ಟಿತ್ತು. ಭಾನುವಾರ ನಾನೂ ವಾರಿಜಳೂ ದಸ್ತಗೀರ್ ಸಾಬರ ಅಂಗಳಕ್ಕೆ ಹೋದೆವು. ಅವರದು ಹಳೆ ಕಾರು ಕೊಂಡು ಮಾರುವ ವ್ಯಾಪಾರ. ಪ್ರತಿ ಕಾರಿನ ಮುಂಗಾಜಿನ ಮೇಲೆ ಸುಣ್ಣದಲ್ಲಿ ಎರಡು ಅಂಕಿ ಬರೆದಿರುತ್ತಿತ್ತು: ಗಂಟೆಗೆ ಎಷ್ಟು ಸೇರು ಮೌನ ಬೇಕು ಎಂಬುದು ಒಂದು, ಓಡಿಸುವವರಿಗೆ ಇಪ್ಪತ್ತು ತುಂಬಿರದಿದ್ದರೆ ಎಷ್ಟು ಎಂಬುದು ಇನ್ನೊಂದು. ಸಾಮಾನ್ಯ ಮನುಷ್ಯ ಒಂದು ಗಂಟೆ ಸುಮ್ಮನೆ ಕೂತರೆ ಅವನ ಮೌನ ಒಂದು ಸೇರು ತೂಗುತ್ತದೆ.

ವಾರಿಜ ಸೀದಾ ಒಂದು ಕೆಂಪು ಕಾರಿನ ಹತ್ತಿರ ಹೋಗಿ ಬಾಗಿಲಿನ ಹಿಡಿ ಹಿಡಿದಳು.

"ಅದು ನಿಂಗಲ್ಲ ಮಗಳೇ" ಎಂದರು ದಸ್ತಗೀರ್ ಸಾಬರು, ಕುರ್ಚಿಯಿಂದ ಏಳದೆ.

"ಯಾಕೆ ಸಾಬರೇ, ಕೆಂಪು ಅಂತಲಾ?"

"ಬಣ್ಣಕ್ಕೆ ಯಾವ ತೂಕಾನೂ ಇಲ್ಲ, ಅದೆಲ್ಲ ಜನ ಹುಟ್ಟಿಸಿರೋದು. ಇಂಜಿನ್ ನೋಡು. ಬಾಗಿಲು ಎರಡೇ ಇದೆ. ಕಾಲಿಟ್ರೆ ಹಾರ್ತದೆ. ನಾನು ಓಡಿಸಿದ್ರೆ ಒಂದು ಸೇರು, ನೀನು ಓಡಿಸಿದ್ರೆ ಮೂರು. ಮೂರು ಸೇರಿಗೆ ಮನೇಲಿ ಮೂರು ಜನ ಸೊಸೇರು ಬೇಕು. ನಿಮ್ಮಣ್ಣಂಗೆ ಇನ್ನೂ ಒಂದು ಮದುವೇನೇ ಆಗಿಲ್ಲ."

ಅವರು ನಮ್ಮನ್ನು ಗೋಡೆಯ ಪಕ್ಕದಲ್ಲಿದ್ದ ಬೂದು ಬಣ್ಣದ ಕಾರಿನ ಬಳಿಗೆ ಕರೆದೊಯ್ದರು. ನಾಲ್ಕು ಬಾಗಿಲಿನ ಚಿಕ್ಕ ಕಾರು. ನೋಡಿದ ಮರುಕ್ಷಣ ಮರೆತುಹೋಗುವಂಥದ್ದು. "ಇಂಜಿನ್ ಸಣ್ಣದು. ಮುಂದೆ ಎರಡು ಗಾಳಿಚೀಲ. ಇದರ ಬಿಡಿಭಾಗ ಸೈಕಲ್ ಅಂಗಡೀಲೂ ಸಿಗ್ತದೆ ಅಂದ್ಕೋ. ಎಂಟು ವರ್ಷ ಹೈಸ್ಕೂಲಿನ ಹೆಡ್‌ಮೇಡಂ ಓಡಿಸಿದ್ರು, ಮೂರನೇ ಗೇರ್ ದಾಟಿಲ್ಲ. ನಿನ್ನ ವಯಸ್ಸಿಗೆ ಒಂದೇ ಸೇರು."

"ಇನ್ನೂ ಹಳೇದು ತಗೊಂಡ್ರೆ ಇನ್ನೂ ಕಮ್ಮಿ ಆಗಲ್ವಾ?"

"ಎಲ್ರೂ ಅಲ್ಲೇ ಎಡವೋದು. ತೀರಾ ಹಳೇದಕ್ಕೆ ಬ್ರೇಕ್ ನಂಬೋ ಹಾಗಿಲ್ಲ, ಗಾಳಿಚೀಲ ಇರಲ್ಲ. ಆಫೀಸಿನೋರು ಅದಕ್ಕೇ ಇನ್ನೊಂದು ಸೇರು ಏರಿಸ್ತಾರೆ." ಆಮೇಲೆ ನನ್ನ ಕಡೆ ತಿರುಗಿ, "ಏನಪ್ಪಾ ಚಿದಾನಂದ, ನೀನೇನಂತೀಯ?" ಎಂದರು. ನಾನು ತಲೆಯಾಡಿಸಿದೆ. "ಇವನಿಗೆ ಒಂದು ಸೇರು ಯಾವ ಲೆಕ್ಕ" ಎಂದು ನಕ್ಕರು.

ವಿಮಾ ಕಚೇರಿ ಬಸ್ ನಿಲ್ದಾಣದ ಎದುರಿಗೇ ಇದೆ. ಮರುದಿನ ಹೋದಾಗ ಅಲ್ಲಿನ ಗುಮಾಸ್ತ ಹಾಲಪ್ಪನವರು ಕಾರಿನ ಕಾಗದಗಳನ್ನು ನೋಡಿ, ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿದರು.

"ಸುಮ್ನೆ ಕೂರೋರು ಯಾರಮ್ಮ?"

"ನಮ್ಮಣ್ಣ."

"ಗಂಡಸರಾ? ಮನೇಲಿ ಹೆಂಗಸರು ಯಾರೂ ಇಲ್ವಾ?"

"ಇದಾರಲ್ಲ, ಮೈಕಲ್ಲಿ. ಕೇಳಿಸ್ತಿಲ್ವಾ?"

ಕಿಟಕಿಯಾಚೆ ಅಮ್ಮನ ಧ್ವನಿ ಆರನೇ ಅಂಕಣದ ಬಸ್ಸು ಐದು ನಿಮಿಷ ತಡ ಎನ್ನುತ್ತಿತ್ತು. ಹಾಲಪ್ಪನವರು ಮತ್ತೇನೂ ಕೇಳದೆ ಹಿತ್ತಾಳೆಯ ಬೋಗುಣಿಯೊಂದನ್ನು ನನ್ನ ಕೈಗೆ ಕೊಟ್ಟು ಒಳಗಿನ ಬೆಂಚು ತೋರಿಸಿದರು. ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಸುಮ್ಮನೆ ಕೂರಬೇಕು. ನಾನು ಕೂತೆ. ಎಷ್ಟೋ ದಿನಗಳ ಮೇಲೆ ನನಗೆ ತಕ್ಕ ಕೆಲಸ ಸಿಕ್ಕಿತ್ತು. ಗೋಡೆಯ ಸುಣ್ಣ ಬಿರುಕುಬಿಟ್ಟಿದ್ದ ರೀತಿಯನ್ನು ನೋಡುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಹಾಲಪ್ಪನವರು ಬೋಗುಣಿಯನ್ನು ತಕ್ಕಡಿಯಲ್ಲಿಟ್ಟು ಇನ್ನೊಂದು ತಟ್ಟೆಗೆ ಸೇರಿನ ತೂಕದ ಬಟ್ಟು ಹಾಕಿದರು. ಬೋಗುಣಿ ಮೇಲಕ್ಕೆ ಹಾರಿತು. ಸೇರು ತೆಗೆದು ಅರ್ಧ ಸೇರು ಹಾಕಿದರು, ಅದನ್ನು ತೆಗೆದು ಕಾಲು ಸೇರಿನ ಪಾವು ಹಾಕಿದರು. ಕೊನೆಗೆ ಅರ್ಧ ಪಾವಿಗೆ ಮುಳ್ಳು ನೆಟ್ಟಗಾಯಿತು.

"ತಕ್ಕಡಿ ಸರಿ ಇದೆಯಾ ಸಾರ್?" ಎಂದಳು ವಾರಿಜ.

"ಮೂವತ್ತೊಂದು ವರ್ಷದಿಂದ ತೂಗ್ತಿದೀನಮ್ಮ. ನಿಮ್ಮಣ್ಣ ಇಲ್ಲಿ ಕೂತು ಏನು ಬಿಟ್ಟುಕೊಟ್ರು ಹೇಳು? ಹೊರಗೂ ಸುಮ್ನಿರೋರು, ಒಳಗೂ ಸುಮ್ನಿದ್ರು. ಇವರು ಮಾತಾಡಲಿಲ್ಲ ಅಂತ ಈ ಒಂದು ಗಂಟೇಲಿ ಯಾರಿಗೆ ಏನು ಕಮ್ಮಿ ಆಯ್ತು?" ಕಾಗದಗಳನ್ನು ಮಡಿಸಿ ವಾಪಸು ಕೊಟ್ಟರು. "ಬೇಜಾರು ಮಾಡ್ಕೋಬೇಡಿ ಸ್ವಾಮಿ. ತುಂಬ ಹಗುರ ನಿಮ್ಮದು."

ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಇನ್ನೂ ಕೆಟ್ಟದ್ದೇನೋ ಆಯಿತು. ಇಪ್ಪತ್ತಾರು ವರ್ಷ ನಾನು ಆಳ ಎಂದು ಕಾಪಾಡಿಕೊಂಡು ಬಂದದ್ದನ್ನು ಒಬ್ಬ ಗುಮಾಸ್ತ ಬೆರಳತುದಿಯಲ್ಲಿ ಎತ್ತಿ ತೋರಿಸಿದ್ದ. ಮನೆಗೆ ಬರುವವರೆಗೆ ವಾರಿಜಳೂ ಮಾತಾಡಲಿಲ್ಲ. ಅವಳ ಆ ಸುಮ್ಮನಿರುವಿಕೆಗೆ ಎಷ್ಟು ತೂಕವಿತ್ತೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಮ್ಮ ಎರಡೂವರೆಗೆ ಬಂದು ಎಲ್ಲವನ್ನೂ ಕೇಳಿಸಿಕೊಂಡಳು. ಊಟ ಮುಗಿಸಿ, ತಟ್ಟೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಒಂದು ಹಾಳೆ ತೆಗೆದು ಬರೆಯತೊಡಗಿದಳು.

"ಏನಮ್ಮ ಅದು?"

"ರಾಜೀನಾಮೆ. ನಾನೇ ಕೂರ್ತೀನಿ. ಇಪ್ಪತ್ತೆರಡು ವರ್ಷ ಊರಿಗೆಲ್ಲ ಕೂಗಿದೀನಿ, ನನ್ನ ಮೌನ ಮೂರು ಸೇರಾದ್ರೂ ತೂಗುತ್ತೆ. ಆ ಕೆಂಪು ಕಾರೇ ತಗೊಳ್ಳಿ ಬೇಕಾದ್ರೆ."

"ಬೇಡಮ್ಮ. ಆಮೇಲೆ ನೀನೇನು ಮಾಡ್ತೀಯ?" ಎಂದಳು ವಾರಿಜ.

"ಸುಮ್ನಿರ್ತೀನಿ."

ತಮಾಷೆಗೆ ಹೇಳಿದ್ದಲ್ಲ. ಅಮ್ಮ ನಿದ್ದೆಯಲ್ಲೂ ಬಸ್ಸಿನ ಹೆಸರು ಹೇಳುವವಳು. ನಿಲ್ದಾಣದಲ್ಲಿ ಕಳೆದುಹೋದ ಮಕ್ಕಳು ಅವಳ ಧ್ವನಿ ಹಿಡಿದು ಅವಳ ಕೋಣೆಗೇ ಬರುತ್ತಿದ್ದವು. ಆ ಹಾಳೆಯ ಕೆಳಗೆ ಅವಳು ಸುನಂದಮ್ಮ ಎಂದು ಸಹಿ ಹಾಕುವುದನ್ನು ನೋಡುತ್ತ ನಾನು ಹೇಳಿದೆ, "ಇನ್ನೂ ಟೈಮಿದೆ. ಮೂವತ್ತಕ್ಕೆ ಕೊಡು. ಅಲ್ಲೀವರೆಗೂ ನಾನು ಮಾತು ಕಲಿತೀನಿ."

ಅಮ್ಮ ಪೆನ್ನು ಮುಚ್ಚಿದಳು. "ನೀನಾ?"

"ನಾನೇ."

ಮರುದಿನದಿಂದ ಮಾತಾಡಲು ಹೊರಟೆ. ದರ್ಜಿಯ ಅಂಗಡಿಯಲ್ಲಿ ನಿಂತು ಬಿಸಿಲಿನ ಬಗ್ಗೆ ಮಾತಾಡಿದೆ. ಹೋಟೆಲಿನಲ್ಲಿ ಪಕ್ಕದವರಿಗೆ ಪತ್ರಿಕೆಯ ಸುದ್ದಿ ಹೇಳಿದೆ. ಅವರ ಕೈಯಲ್ಲೂ ಅದೇ ಪತ್ರಿಕೆಯಿತ್ತು. ಗೋಡೆಯ ಮುಂದೆ ನಿಂತು ಕರಡು ಪುಟಗಳನ್ನು ಗಟ್ಟಿಯಾಗಿ ಓದಿದೆ. ಗಂಟಲು ಕಟ್ಟಿತು. ಒಂಬತ್ತು ದಿನಗಳ ನಂತರ ಹಾಲಪ್ಪನವರ ಬೆಂಚಿನ ಮೇಲೆ ಮತ್ತೊಮ್ಮೆ ಕೂತೆ. ಅವರು ಮುಳ್ಳನ್ನೇ ನೋಡುತ್ತ, "ಅರ್ಧ ಪಾವಿನ ಮೇಲೆ ಒಂದು ಅಕ್ಕಿಕಾಳು" ಎಂದರು. "ಬಾಯಿ ಆಡಿಸಿದ್ರೆ ಆಗಲ್ಲ ಸ್ವಾಮಿ."

ಅಷ್ಟರಲ್ಲಿ ವಾರಿಜ ಅಭ್ಯಾಸಕ್ಕೆಂದು ಬೂದು ಕಾರನ್ನು ದಸ್ತಗೀರ್ ಸಾಬರಿಂದ ಕೇಳಿ ಪಡೆದಿದ್ದಳು. ಅವರ ಅಂಗಳಕ್ಕೆ ಹೊಂದಿಕೊಂಡೇ ಹಳೆಯ ದನದ ಸಂತೆಯ ಮೈದಾನವಿತ್ತು. ರಸ್ತೆಗಿಳಿಯದ ಕಾರಿಗೆ ವಿಮೆ ಬೇಕಿಲ್ಲ. ಲೈಸೆನ್ಸು ಸಿಕ್ಕಿದ್ದರೂ ಅವಳಿಗೆ ಹಿಂದಕ್ಕೆ ಬರುವುದು, ಸಂದಿಯಲ್ಲಿ ತಿರುಗಿಸುವುದು ಇನ್ನೂ ಕೈಗೆ ಹತ್ತಿರಲಿಲ್ಲ. ನಾನು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದೆ. ಮೈದಾನದ ಅಂಚಿನಲ್ಲಿ ದನ ಕಟ್ಟುತ್ತಿದ್ದ ಕಲ್ಲುಕಂಬಗಳು ಅಲ್ಲಲ್ಲಿ ಉಳಿದಿದ್ದವು. ಆ ದಿನ ಅವಳು ರಿವರ್ಸ್ ಹಾಕಿದಾಗ ಎಡಗನ್ನಡಿಯಲ್ಲಿ ಒಂದು ಕಂಬ ದೊಡ್ಡದಾಗುತ್ತ ಬಂತು. ನಾನು ನೋಡುತ್ತಿದ್ದೆ. ಅದು ಕನ್ನಡಿಯ ಅರ್ಧ ತುಂಬಿತು, ಪೂರ್ತಿ ತುಂಬಿತು. ಕಲ್ಲು ತಗಡನ್ನು ಕೆರೆದುಕೊಂಡು ಹೋಯಿತು.

ವಾರಿಜ ಇಂಜಿನ್ ಆರಿಸಿದಳು.

"ಕಂಬ ಕಾಣಿಸ್ತಾ ನಿಂಗೆ?"

"ಹೂಂ."

"ಯಾವಾಗ?"

"ನೀನು ರಿವರ್ಸ್ ಹಾಕಿದಾಗ."

"ಮತ್ತೆ?"

"ನಿಂಗೂ ಕಾಣಿಸಿರುತ್ತೆ ಅಂದ್ಕೊಂಡೆ."

ಅವಳು ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಮುಂದೆ ನೋಡುತ್ತ ಹೇಳಿದಳು: "ಡಿಪ್ಲೊಮಾ ಅರ್ಜೀಲಿ ನಾನು ತಪ್ಪು ಕಾಲೇಜಿನ ನಂಬರ್ ಬರ್ದಾಗ್ಲೂ ನೀನು ಪಕ್ಕದಲ್ಲೇ ಇದ್ದೆ. ಆಮೇಲೆ ಕೇಳಿದ್ರೆ, ನೋಡಿದ್ದೆ ಅಂದೆ. ಅಮ್ಮ ರಕ್ತ ಕೆಮ್ಮಿದ್ದು ಎಲ್ಲರಿಗಿಂತ ಮೊದ್ಲು ನಿಂಗೇ ಗೊತ್ತಾಗಿದ್ದು. ಎಂಟು ದಿನ ಹೇಳ್ಲಿಲ್ಲ. ನೀನು ಎಲ್ಲಾ ನೋಡ್ತೀಯ ಅಣ್ಣ. ನೋಡಿ ಇಟ್ಕೋತೀಯ. ಯಾರಿಗೆ ಅಂತ ಇಟ್ಕೋತೀಯ?"

ಕಾರಿನೊಳಗೆ ಬಿಸಿಲಿತ್ತು. ಸುಮ್ಮನಿರುವುದು ನನ್ನ ಸ್ವಭಾವ ಎಂದುಕೊಂಡಿದ್ದೆ. ಅದರ ಬೆಲೆಯನ್ನು ಇವರಿಬ್ಬರು ತೆರುತ್ತ ಬಂದಿದ್ದರು. ಬಾಗಿಲು ತೆಗೆದು ಇಳಿದು ಗೀರನ್ನು ನೋಡಿದೆ. ಹಿಂಬಾಗಿಲಿನಿಂದ ಚಕ್ರದವರೆಗೆ ಮೊಳದುದ್ದವಿತ್ತು. ಮತ್ತೆ ಬಂದು ಕೂತು, "ಸ್ಟಾರ್ಟ್ ಮಾಡು. ಅದೇ ಜಾಗ. ಈ ಸಲ ಹೇಳ್ತೀನಿ" ಎಂದೆ.

ಆ ದಿನ ಕತ್ತಲಾಗುವವರೆಗೆ, ಮರುದಿನವೂ, ಅದರ ಮರುದಿನವೂ ಹೇಳಿದೆ. ಮೊದಲು ಎಡ, ಬಲ, ನಿಲ್ಲು. ಆಮೇಲೆ ಕಂಬಕ್ಕೆ ಒಂದು ಗೇಣಿದೆ, ನಾಯಿ ಮಲಗಿದೆ, ಕ್ಲಚ್ ಮೇಲೆ ಕಾಲಿಟ್ಟೇ ಇದೀಯ. ನೋಡಿದ್ದನ್ನು ನೋಡಿದ ಕೂಡಲೇ ಹೇಳುವುದು ನನಗೆ ಹೊಸ ಭಾಷೆ ಕಲಿತಂತೆ ಕಷ್ಟವಾಯಿತು. ತಡವಾಗಿ ಹೇಳಿದಾಗ ಬೈಸಿಕೊಂಡೆ. ಐದನೆಯ ದಿನಕ್ಕೆ ಅವಳು ಎಡಕ್ಕೆ ತಿರುಗಿ ನೋಡುವುದನ್ನೇ ಬಿಟ್ಟು ನನ್ನ ಬಾಯಿಯನ್ನು ನಂಬಿ ಹಿಂದಕ್ಕೆ ಬರತೊಡಗಿದಳು. "ಹಾಗೆ ನಂಬಬೇಡ, ಕನ್ನಡೀನೂ ನೋಡು, ಅಲ್ಲಿ ನಾನಿರಲ್ಲ" ಎಂದು ನಾನೇ ಗದರಬೇಕಾಯಿತು. ಒಂದು ಸಂಜೆ ಮೈದಾನದ ಮೂರನೇ ಸುತ್ತಿನಲ್ಲಿ, ಕಳೆದ ವರ್ಷ ಉಪನ್ಯಾಸಕ ಹುದ್ದೆಯ ಸಂದರ್ಶನಕ್ಕೆಂದು ಹೋದವನು ಕಾಲೇಜಿನ ಗೇಟಿನಿಂದಲೇ ವಾಪಸು ಬಂದಿದ್ದೆ ಎಂಬುದನ್ನೂ ಹೇಳಿಬಿಟ್ಟೆ. ಅವಳು ಗೇರ್ ಬದಲಿಸಿ, "ಒಳಗೆ ಹೋಗಿದ್ರೆ ಏನು ಕೇಳ್ತಿದ್ರು?" ಎಂದಳು. ಅದಕ್ಕೆ ಉತ್ತರ ಹೇಳಲು ಇನ್ನೂ ನಾಲ್ಕು ಸುತ್ತು ಬೇಕಾಯಿತು.

ದಸ್ತಗೀರ್ ಸಾಬರು ಗೀರಿನ ಮೇಲೆ ಹೆಬ್ಬೆರಳು ಆಡಿಸಿದರು. "ಇದಕ್ಕೆ ಆಫೀಸಲ್ಲಿ ಒಂದು ಪಾವು ಏರಿಸ್ತಾರೆ. ಬಣ್ಣ ಹಚ್ಚಿ ಕೊಡ್ಲಾ? ಹಾಲಪ್ಪಂಗೆ ಕಣ್ಣು ಅಷ್ಟಕ್ಕಷ್ಟೆ."

"ಬೇಡ ಸಾಬರೇ. ಇದ್ದ ಹಾಗೇ ತಗೊಂಡು ಹೋಗ್ತೀವಿ" ಎಂದೆ.

ಅವರು ವಾರಿಜಳ ಕಡೆ ನೋಡಿದರು. "ಇವನು ಮಾತಾಡ್ತಾನೆ!"

"ಈಗ ನಿಲ್ಸೋದೇ ಕಷ್ಟ" ಎಂದಳು ವಾರಿಜ.

ಇಪ್ಪತ್ತೊಂಬತ್ತನೇ ತಾರೀಖು ಕಚೇರಿಗೆ ಹೋದೆವು; ಕಾರನ್ನು ದಸ್ತಗೀರ್ ಸಾಬರೇ ತಮ್ಮ ಮನೆಯವರ ಮೌನದ ಮೇಲೆ ಅಲ್ಲಿಯವರೆಗೆ ಓಡಿಸಿ ತಂದುಕೊಟ್ಟರು. ಅಮ್ಮನ ರಾಜೀನಾಮೆ ಪತ್ರ ಅವಳ ಕೈಚೀಲ ಸೇರಿತ್ತು. ನನ್ನ ಮೌನ ತೂಗದಿದ್ದರೆ ಮರುದಿನ ಕೊಡುವುದೆಂದು ನಿರ್ಧಾರವಾಗಿತ್ತು. ಹಾಲಪ್ಪನವರು ಹೊರಗೆ ಬಂದು ಕಾರಿನ ಸುತ್ತ ನಡೆದು, ಗೀರು ಕಂಡು, "ಯಾರ ತಪ್ಪು?" ಎಂದರು.

"ನಂದು. ಕಂಬ ನೋಡಿದ್ದೆ, ಹೇಳಲಿಲ್ಲ."

"ಹಾಗಾದ್ರೆ ಒಂದೂಕಾಲು ಸೇರು. ಆಗುತ್ತಾ ಸ್ವಾಮಿ?"

"ತೂಗಿ ನೋಡಿ."

ಬೋಗುಣಿ ತೊಡೆಯ ಮೇಲಿಟ್ಟುಕೊಂಡು ಅದೇ ಬೆಂಚಿನ ಮೇಲೆ ಕೂತೆ. ಎದುರಿನ ಸ್ಟೂಲಿನಲ್ಲಿ ವಾರಿಜ. ಡಾಕ್ಟರಮ್ಮನಿಗೆ ಕೊಡಲು ಅವಳು ಒಂಬತ್ತು ಹಳ್ಳಿಗಳ ದಾರಿಯನ್ನು ಒಂದು ಹಾಳೆಯಲ್ಲಿ ಬರೆಯುತ್ತಿದ್ದಳು. ಯಾವ ಊರಾದ ಮೇಲೆ ಯಾವ ಊರು, ಎಷ್ಟು ಗಂಟೆಗೆ. ನಾನಿದ್ದಲ್ಲಿಂದ ಅದು ಪೂರ್ತಿ ಕಾಣುತ್ತಿತ್ತು. ನಾಲ್ಕನೇ ಊರಿನಿಂದ ಐದನೆಯದಕ್ಕೆ ಅವಳು ಸೇತುವೆಯ ದಾರಿ ಬರೆದಳು. ಸೇತುವೆಯ ಒಂದು ಬದಿ ಕುಸಿದು, ಹಿಂದಿನ ವಾರವಷ್ಟೇ ಬ್ಯಾರಿಕೇಡ್ ಹಾಕಿದ್ದರು. ಕರಡು ಕೊಡಲು ಸೈಕಲ್ಲಿನಲ್ಲಿ ಹೋದಾಗ ನಾನೇ ನೋಡಿದ್ದೆ. ಅಲ್ಲಿಯವರೆಗೆ ಹೋಗಿ ವಾಪಸು ಬಂದರೆ ಹತ್ತು ಗಂಟೆ ದಾಟುತ್ತದೆ. ಬಾಯಿ ತೆರೆಯಲು ಹೋಗಿ ಹಲ್ಲು ಕಚ್ಚಿದೆ. ಅವಳು ಹಾಳೆಯಿಂದ ಕಣ್ಣೆತ್ತದೆ, ರೂಢಿಯಾಗಿಬಿಟ್ಟಿದ್ದರಿಂದ, "ಅಣ್ಣ, ಸೇತುವೆ ಕಡೆಯಿಂದ್ಲೇ ಹತ್ರ ಅಲ್ವಾ?" ಎಂದಳು. ಆಮೇಲೆ ನೆನಪಾಗಿ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಹಾಲಪ್ಪನವರು ಮೇಜಿನಿಂದಲೇ, "ಕೇಳಿದ್ರಾ, ದಾರೀನೇ ಗೊತ್ತಿಲ್ಲ, ಕಾರು ಬೇಕಂತೆ" ಎಂದು ಪಕ್ಕದ ಗುಮಾಸ್ತನಿಗೆ ಹೇಳಿ ನಕ್ಕರು. ವಾರಿಜ ಸೇತುವೆಯ ಹೆಸರಿನ ಕೆಳಗೆ ಗೆರೆ ಎಳೆದಳು. ಇವಳು ಕಣ್ಣು ಮುಚ್ಚಿ ಆ ಕಂಬಗಳ ನಡುವೆ ಹಿಂದಕ್ಕೆ ಬರುತ್ತಾಳೆ ಎಂದು ಅವರಿಗೆ ಹೇಳಬೇಕಿತ್ತು. ಸೇತುವೆಯನ್ನು ಹೊಡೆದು ಹಾಕು, ಕೆರೆ ಏರಿಯ ದಾರಿ ಬರೆ ಎಂದು ಇವಳಿಗೆ ಹೇಳಬೇಕಿತ್ತು. ಎರಡೂ ನಾಲಿಗೆಯ ಮೇಲೇ ಇದ್ದವು. ಮೊದಲೆಲ್ಲ ನಾನು ಕೂರುತ್ತಿದ್ದ ಮೌನ ಖಾಲಿ ಕೋಣೆಯಂತಿತ್ತು. ಈಗ ಅದರೊಳಗೆ ಜನ ತುಂಬಿದ್ದರು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ತೊಡೆ ನೋಯತೊಡಗಿದಾಗ ಬೋಗುಣಿಯನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಸಿದೆ. ಸ್ವಲ್ಪ ಹೊತ್ತಿಗೆ ಎರಡು ಕೈಯಿಂದ ಎತ್ತಬೇಕಾಯಿತು.

ಗಂಟೆಯಾಯಿತು. ಹಾಲಪ್ಪನವರು ಸೇರು ಹಾಕಿದರು. ಬೋಗುಣಿ ಕದಲಲಿಲ್ಲ. ಪಾವು ಸೇರಿಸಿದರು. ಕದಲಲಿಲ್ಲ. ಇನ್ನೊಂದು ಪಾವಿಗೆ ಮುಳ್ಳು ನಿಧಾನವಾಗಿ ನೆಟ್ಟಗಾಯಿತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಒಂದೂವರೆ" ಎಂದು ಚೀಟಿಗೆ ಮೊಹರು ಒತ್ತಿದರು. "ದಿನಾ ಆರರಿಂದ ಹತ್ತು. ನೀವು ಬಾಯಿ ಬಿಟ್ರೆ ಅಲ್ಲಿ ಕಾರು ನಿಲ್ಲುತ್ತೆ, ಗೊತ್ತಲ್ಲ. ಡಬ್ಬದಲ್ಲಿ ಐಸ್ ಎಷ್ಟು ಹೊತ್ತು ಇರುತ್ತೋ ನಂಗೊತ್ತಿಲ್ಲ."

"ಗೊತ್ತು. ನಮ್ಮ ತಂಗಿಗೆ ದಾರಿ ಬರುತ್ತೆ, ಕಾರೂ ಬರುತ್ತೆ" ಎಂದು ಅವರಿಗೆ ಹೇಳಿ, ವಾರಿಜಳಿಗೆ, "ಸೇತುವೆ ಹೊಡೆದು ಹಾಕು. ಏರಿ ಮೇಲೆ ಹೋಗು" ಎಂದೆ.

ಅಮ್ಮ ಚೀಟಿಯನ್ನು ಎರಡು ಸಲ ಓದಿದಳು. ಕೈಚೀಲದಿಂದ ರಾಜೀನಾಮೆ ಪತ್ರ ತೆಗೆದು, ಹಿಂಬದಿ ಖಾಲಿಯಿದೆಯೇ ನೋಡಿ, ಅದರಲ್ಲಿ ಆ ವಾರದ ದಿನಸಿ ಪಟ್ಟಿ ಬರೆದಳು.

ಒಂದನೇ ತಾರೀಖು ಅಮ್ಮ ಐದೂವರೆಗೆ ನಿಲ್ದಾಣಕ್ಕೆ ಹೊರಟಳು. ಆರಕ್ಕೆ ಹತ್ತು ನಿಮಿಷವಿದ್ದಾಗ ವಾರಿಜ ಸೀಟಿನಲ್ಲಿ ಕೂತು ಕಿಟಕಿ ಇಳಿಸಿದಳು. "ಇನ್ನೂ ಹತ್ತು ನಿಮಿಷ ಇದೆ. ಹೇಳೋದೆಲ್ಲ ಹೇಳ್ಬಿಡು." ಏರಿಯ ಮೇಲೆ ಅಂಚಿನ ಮಣ್ಣು ಸಡಿಲ, ನಡುವೆ ಹೋಗು ಎಂದೆ. ಎಮ್ಮೆಗಳಿಗೆ ಹಾರ್ನ್ ಹೊಡೆಯಬೇಡ, ಅವು ಅಡ್ಡ ನಿಲ್ಲುತ್ತವೆ ಎಂದೆ. ಲಾರಿ ಹಿಂದೆ ಬಂದರೆ ಹೆದರಿ ವೇಗ ಏರಿಸಬೇಡ, ಅವನೇ ದಾಟಿಕೊಂಡು ಹೋಗಲಿ ಎಂದೆ. "ಸಾಕು ಮಾರಾಯ" ಎಂದು ನಕ್ಕಳು. ಅವಳ ಕೈ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿತ್ತು. "ಹೆದರಿಕೆ ಆಗ್ತಿದೆಯಾ?" ಎಂದೆ. "ಹೂಂ." "ನಂಗೂ" ಎಂದೆ. ಗಿರಣಿಯ ಸೈರನ್ ಕೂಗಿತು. ಆರು ಗಂಟೆ. ನಾನು ಬಾಯಿ ಮುಚ್ಚಿದೆ.

ಕಾರು ಹಿಂದಕ್ಕೆ ಬಂದು, ಗೇಟಿನ ಎರಡೂ ಕಂಬ ತಪ್ಪಿಸಿ, ಬೀದಿಗೆ ತಿರುಗಿತು. ಅದು ನಾಲ್ಕು ಮನೆ ದಾಟಿದಾಗ ನಾನು ಮೆಟ್ಟಿಲಿನತ್ತ ತಿರುಗಿದೆ. ಐಸ್ ಡಬ್ಬ ಮೆಟ್ಟಿಲ ಮೇಲೆಯೇ ಇತ್ತು.

ಅವಳ ಹೆಸರು ಗಂಟಲವರೆಗೆ ಬಂತು. ಕೂಗಿದ್ದರೆ ಕಾರು ಅಲ್ಲೇ ನಿಲ್ಲುತ್ತಿತ್ತು, ಆ ದಿನವಿಡೀ ನಿಂತಿರುತ್ತಿತ್ತು. ಡಬ್ಬವನ್ನು ಎದೆಗವಚಿಕೊಂಡು ಓಡಿದೆ. ಚಪ್ಪಲಿ ಒಂದು ಕಳಚಿತು. ಬೀದಿಯ ಕೊನೆಯಲ್ಲಿ ಹಾಲಿನ ವ್ಯಾನಿಗೆ ದಾರಿ ಬಿಡಲು ಅವಳು ನಿಧಾನಿಸಿದ್ದಳು. ಹಿಂಬದಿಯ ತಗಡಿನ ಮೇಲೆ ಅಂಗೈಯಿಂದ ಬಲವಾಗಿ ಮೂರು ಸಲ ಬಡಿದೆ. ಬ್ರೇಕ್ ದೀಪ ಹೊತ್ತಿಕೊಂಡಿತು.

ಕಿಟಕಿಯಿಂದ ಡಬ್ಬ ಒಳಗಿಟ್ಟೆ. "ಅಯ್ಯೋ, ಮೊದ್ಲೇ ಯಾಕೆ ಹೇ..." ಎಂದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ನನಗೆ ಏದುಸಿರು. ತುಟಿ ಮಾತ್ರ ಬಿಗಿಯಾಗಿ ಮುಚ್ಚಿತ್ತು. ಅವಳು ಪಕ್ಕದ ಸೀಟಿನ ಬೆಲ್ಟನ್ನು ಡಬ್ಬಕ್ಕೆ ಸುತ್ತಿ ಹಾಕಿ, ಒಮ್ಮೆ ಎಳೆದು ನೋಡಿ, ಕನ್ನಡಿ ಸರಿಮಾಡಿಕೊಂಡು ಹೊರಟಳು.

ಎದುರು ಮನೆಯ ರುದ್ರಮ್ಮ ರಂಗೋಲಿ ಬಿಟ್ಟು ತಲೆಯೆತ್ತಿ, "ತಂಗಿ ಹೊರಟ್ಲೇನಪ್ಪ?" ಎಂದರು. ಹೌದು ಎಂದು ತಲೆಯಾಡಿಸಿದೆ. ಅಷ್ಟರಲ್ಲೇ ವಾರಿಜಳಿಗೆ ಹೇಳಬೇಕಾದ ಇನ್ನೂ ನಾಲ್ಕು ಮಾತು ನೆನಪಾಗಿದ್ದವು. ಹತ್ತು ಗಂಟೆಯವರೆಗೆ ಅವು ನನ್ನೊಳಗೇ ಇರಬೇಕು. ಬೀದಿಯ ನಡುವೆ ನಿಂತು ಕಿವಿಗೊಟ್ಟೆ. ಕಾರು ಎರಡನೇ ಗೇರಿನಿಂದ ಮೂರಕ್ಕೆ ಹೋಯಿತು. ಏರಿಯ ರಸ್ತೆಗೆ ತಿರುಗಿತು. ಶಬ್ದ ಸಣ್ಣದಾಗುತ್ತ ಹೋಯಿತು, ಆದರೆ ನಿಲ್ಲಲಿಲ್ಲ.